ಕೆಂಪು ಚುಕ್ಕೆ ಬಿದ್ದ ಕಾರ್ಡು

ಅವರ ಅಂಗಿಯ ಕಿಸೆಯಲ್ಲಿ ಪೆನ್ನಿನ ಪಕ್ಕದಲ್ಲಿ ಯಾವಾಗಲೂ ಒಂದು ನೇಲ್ ಪಾಲಿಶ್ ಬಾಟಲಿ ಇರುತ್ತಿತ್ತು. ಕಡುಗೆಂಪು ಬಣ್ಣದ್ದು, ಹೆಂಡತಿಯಿಂದ ಕೇಳಿ ತಂದದ್ದು. ಐವತ್ತು ದಾಟಿದ, ಮೀಸೆ ನರೆತ ಗಂಡಸಿನ ಕಿಸೆಯಲ್ಲಿ ಅದನ್ನು ಮೊದಲ ಸಲ ಕಂಡವರು ನಗುತ್ತಿದ್ದರು. ಎರಡನೆಯ ಸಲ ಯಾರೂ ನಗುತ್ತಿರಲಿಲ್ಲ. ಅಷ್ಟರಲ್ಲಿ ಅವರಿಗೂ ಆ ಬಾಟಲಿಯಿಂದ ಏನಾದರೂ ಕೆಲಸ ಬಿದ್ದಿರುತ್ತಿತ್ತು.

ಅವರು ಬೈಲಹೊಂಗಲದ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬಿನ ಅಟೆಂಡರ್. ನಾನು ಅದೇ ವಿಭಾಗದ ಮುಖ್ಯಸ್ಥ. ಹದಿನೆಂಟು ವರ್ಷ ಒಂದೇ ಕೋಣೆಯ ಎರಡು ಮೂಲೆಗಳಲ್ಲಿ ಕೂತೆವು. ಕಳೆದ ತಿಂಗಳು ನೇಸರಗಿಯ ತಮ್ಮ ಮನೆಯಲ್ಲಿ ಬೆಳಗಿನ ಬಸ್ಸಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಕಾಲೇಜಿನ ಸಂತಾಪ ಸಭೆಯಲ್ಲಿ ನನಗೆ ಎರಡು ಮಾತು ಆಡಲು ಹೇಳಿದರು. ಸರಳ ಜೀವಿ, ಪ್ರಾಮಾಣಿಕ ಕೆಲಸಗಾರ ಎಂದು ಹೇಳಿ ಕೂತೆ. ಸುಳ್ಳೇನಲ್ಲ. ಆದರೆ ನಾನು ಹೇಳಬೇಕಾದದ್ದು ಅದಾಗಿರಲಿಲ್ಲ. ಆ ಮನುಷ್ಯನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಹೇಳಬೇಕಾದದ್ದು ಇದು.

ಬದುಕಿದ್ದಾಗ ನಾನು ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದೆ. ನನಗಿಂತ ನಾಲ್ಕು ವರ್ಷ ದೊಡ್ಡವರು. ಈಗ ‘ಅವರು’ ಎಂದು ಬರೆಯುವಾಗಲೂ ಕೈ ಒಂದು ಕ್ಷಣ ತಡೆಯುತ್ತದೆ. ಆದರೂ ಬರೆಯುತ್ತೇನೆ.

ಅವರ ಹೆಸರು ನಾಲ್ಕು ತಾಲೂಕುಗಳಲ್ಲಿ ಹಬ್ಬಿದ್ದು ಗ್ರಾಫಿಕ್ಸ್ ಕಾರ್ಡಿನಿಂದ, ಪರದೆಯ ಮೇಲೆ ಚಿತ್ರ ಮೂಡಿಸಿ ಓಡಿಸುವ ಬಿಡಿಭಾಗದಿಂದ. ಮದುವೆ ವಿಡಿಯೊ ಜೋಡಿಸುವವರಿಗೆ, ಚಿತ್ರ ಮಾಡುವವರಿಗೆ, ಆಟದ ಹುಚ್ಚಿನ ಹುಡುಗರಿಗೆ ಕಂಪ್ಯೂಟರಿನೊಳಗೆ ಅದು ಬೇಕು. ಹೊಸದರ ಬೆಲೆ ಕೇಳಿದರೆ ನಮ್ಮ ಕಡೆಯವರು ಎದ್ದು ಹೋಗುತ್ತಾರೆ. ಹಾಗಾಗಿ ಎಲ್ಲರೂ ಕೊಳ್ಳುವುದು ಯಾರೋ ಬಳಸಿ ಬಿಟ್ಟದ್ದನ್ನು. ಫಜೀತಿ ಶುರುವಾಗುವುದೇ ಅಲ್ಲಿ. ಒಂದೇ ಹೆಸರಿನ, ಒಂದೇ ನಂಬರಿನ ಕಾರ್ಡನ್ನು ಹತ್ತು ಕಂಪನಿಗಳು ಹತ್ತು ಥರ ಮಾಡಿ ಮಾರುತ್ತವೆ. ಒಳಗೆ ಅಸಲಿ ಕೆಲಸ ಮಾಡುವ ಚಿಪ್ಪು ಒಂದೇ. ಅದರ ಮೇಲಿನ ಲೋಹ, ಫ್ಯಾನು, ಹೊದಿಕೆ ಬೇರೆ ಬೇರೆ. ಕಂಪ್ಯೂಟರಿಗೆ ಕೇಳಿದರೆ ಅದು ಎಲ್ಲಕ್ಕೂ ಒಂದೇ ಹೆಸರು ಹೇಳುತ್ತದೆ.

“ಹೆಸರು ಒಂದ ಇದ್ದರ ಆತೇನ್ರಿ?” ಎಂದು ಅವರು ಕೇಳುತ್ತಿದ್ದರು. “ನಮ್ಮ ಸಾಲ್ಯಾಗ ಮೂರು ಮಂದಿ ಬಸವರಾಜ ಇದ್ರು. ಒಬ್ಬಾಂವ ಕುಸ್ತಿ ಹಿಡೀತಿದ್ದ, ಒಬ್ಬಾಂವ ಭಜನಿ ಹಾಡತಿದ್ದ, ಇನ್ನೊಬ್ಬಾಂವ ನಮ್ಮ ಬುತ್ತಿ ಕದ್ದು ತಿಂತಿದ್ದ. ಮಾಸ್ತರ ಹಾಜರಿ ಕರದ್ರ ಮೂರೂ ಮಂದಿ ಏಳತಿದ್ರು.”

ಅವರು ಕಾರ್ಡು ನೋಡುವ ಕ್ರಮವನ್ನು ನಾನು ಓರೆಗಣ್ಣಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಒಮ್ಮೆ ಕಿತ್ತೂರಿನಿಂದ ಒಬ್ಬ ಸ್ಟುಡಿಯೊದವರು ಒಂದೇ ಹೆಸರಿನ ಎರಡು ಕಾರ್ಡು ಹಿಡಿದುಕೊಂಡು ಬಂದರು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಮರಳಿಸಬೇಕು ಅವರಿಗೆ ತಿಳಿಯದು. ಇವರು ಟೇಬಲ್ಲಿನ ಮೇಲೆ ತೊಳೆದ ಟವೆಲ್ ಹಾಸಿ ಎರಡನ್ನೂ ಪಕ್ಕಪಕ್ಕ ಮಲಗಿಸಿದರು. ಒಂಟಿ ಕಾರ್ಡನ್ನು ಅವರು ಎಂದೂ ನೋಡುತ್ತಿರಲಿಲ್ಲ. “ಬಾಜೂಕ ಇನ್ನೊಂದು ಇಲ್ಲದ ನನಗ ಏನೂ ಕಾಣೂದಿಲ್ರಿ,” ಎನ್ನುವರು. ಮೊದಲು ಬಗ್ಗಿ ಮೂಸಿದರು. ಬಹಳ ಕಾದ ಕಾರ್ಡಿಗೆ ಸುಟ್ಟ ವಾಸನೆ ಇರುತ್ತದಂತೆ. ಆಮೇಲೆ ಫ್ಯಾನನ್ನು ಕಿರುಬೆರಳಿನಿಂದ ತಿರುವಿ ಕಿವಿ ಹಚ್ಚಿದರು. ಹಿಂಬದಿಯ ಸ್ಕ್ರೂಗಳ ತಲೆ ಸವೆದಿವೆಯೇ, ಯಾರಾದರೂ ಬಿಚ್ಚಿ ಹಾಕಿದ್ದಾರೆಯೇ ಎಂದು ಕಣ್ಣು ಕಿರಿದು ಮಾಡಿದರು. ಕೊನೆಗೆ ಎರಡನ್ನೂ ಟವೆಲ್ಲಿನಲ್ಲಿ ಸುತ್ತಿಕೊಂಡು ಗೇಟಿನ ಎದುರಿನ ಕಿರಾಣಿ ಅಂಗಡಿಗೆ ಹೊರಟರು. ಸ್ಟುಡಿಯೊದವರು ಹಿಂದೆ ಓಡಿದರು.

“ಏನ್ರೀ, ಇವತ್ತ ಕಾರ್ಡೋ ಕಾಯಿಪಲ್ಲ್ಯೋ?” ಎಂದು ಅಂಗಡಿಯವನು ತಕ್ಕಡಿಯ ಮೇಲಿನ ಬೇಳೆ ಚೀಲ ತೆಗೆದು ಜಾಗ ಮಾಡಿಕೊಟ್ಟ.

“ಫ್ಯಾನ್ ಎಣಸಬ್ಯಾಡ್ರಿ, ತೂಕ ನೋಡ್ರಿ,” ಎಂದರು ಇವರು ಸ್ಟುಡಿಯೊದವರಿಗೆ. “ಫ್ಯಾನು ಪ್ಲಾಸ್ಟಿಕ್ಕು. ಬಿಸಿ ತಡಕೊಳ್ಳೂದು ಒಳಗಿನ ಲೋಹ. ಮ್ಯಾಲೆ ಅಂಗಿ ದೊಡ್ಡದಿದ್ದು ಒಳಗ ಮೈ ಇಲ್ಲಂದ್ರ ಏನ್ ಮಾಡೂದೈತಿ?”

ಪಾಸಾದ ಕಾರ್ಡಿನ ಒಂದು ಸ್ಕ್ರೂವಿನ ಮೇಲೆ ಅವರು ಕಿಸೆಯ ಬಾಟಲಿ ತೆಗೆದು ಒಂದು ಕೆಂಪು ಚುಕ್ಕೆ ಇಡುತ್ತಿದ್ದರು. ಮುಂದೆ ಯಾರಾದರೂ ಬಿಚ್ಚಿದರೆ ಬಣ್ಣ ಒಡೆಯುತ್ತದೆ, ಗೊತ್ತಾಗುತ್ತದೆ. ಇದು ಅವರ ಲೆಕ್ಕ. ಜನರ ಲೆಕ್ಕ ಬೇರೆಯಾಯಿತು. ಸವದತ್ತಿ, ರಾಮದುರ್ಗದ ಕಡೆಯೂ ಹಳೆಯ ಕಾರ್ಡು ಕೊಳ್ಳುವವರು “ಕೆಂಪು ಬಿದ್ದೈತೇನ್ರಿ?” ಎಂದು ಕೇಳತೊಡಗಿದರು. ಚುಕ್ಕೆ ಇದ್ದರೆ ಬೇರೆ ಮಾತಿಲ್ಲ. ಇಷ್ಟಕ್ಕೆಲ್ಲ ಅವರು ತೆಗೆದುಕೊಳ್ಳುತ್ತಿದ್ದದ್ದು ಒಂದು ಕಪ್ ಚಹಾ, ಅದೂ ಸಕ್ಕರೆ ಕಡಿಮೆ.

ನನಗೆ ಎಂ.ಸಿ.ಎ. ಪದವಿ ಇದೆ. ಅವರದು ಪಿಯುಸಿ, ಎರಡನೆಯ ಪ್ರಯತ್ನಕ್ಕೆ. ಇದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೇನೋ. ಲ್ಯಾಬಿನ ಬಾಗಿಲಿಗೆ ಯಾರಾದರೂ ಚೀಲ ಹಿಡಿದು ಬಂದರೆ ನಾನು ಕುರ್ಚಿಯಲ್ಲಿ ನೆಟ್ಟಗಾಗುತ್ತಿದ್ದೆ. ಬಂದವರು ನನಗೆ ನಮಸ್ಕಾರ ಮಾಡಿ, ನನ್ನ ಹೆಗಲಿನ ಮೇಲಿಂದ ಆಚೆ ಮೂಲೆಗೆ ನೋಡಿ, “ಅವರು ಅದಾರೇನ್ರಿ?” ಎನ್ನುತ್ತಿದ್ದರು. ನಮ್ಮ ಪ್ರಾಚಾರ್ಯರು ಕೂಡ ತಮ್ಮ ಮೊಮ್ಮಗನ ಕಾರ್ಡನ್ನು ನನಗೆ ತೋರಿಸಲಿಲ್ಲ.

ಒಂದು ಸಲ ತರಗತಿಯಲ್ಲಿ ನಾನು, ಚಿಪ್ಪು ಒಂದೇ ಆದರೆ ಕಾರ್ಡಿನ ಕೆಲಸವೂ ಒಂದೇ, ಕಂಪನಿ ಯಾವುದಾದರೇನು ಎಂದು ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, “ಮತ್ತ ಕಾಕಾ ಬ್ಯಾರೆ ಹೇಳ್ಯಾರಲ್ರಿ ಸರ?” ಎಂದಳು. ಹುಡುಗರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು. ನನ್ನ ಕಿವಿ ಬಿಸಿಯಾಯಿತು. ಅವರು ಆಗ ಮೂಲೆಯಲ್ಲಿ ವಾಯರು ಸುತ್ತುತ್ತಿದ್ದರು. ತಲೆ ಎತ್ತದೆ ಹೇಳಿದರು: “ಸರ್ ಹೇಳಿದ್ದು ಚಿಪ್ಪಿಂದು. ನಾ ಹೇಳಿದ್ದು ಮ್ಯಾಲಿನ ಡಬ್ಬೀದು. ಎರಡೂ ಖರೇನ ಐತಿ, ಬರಕೋರಿ.” ನನ್ನ ಮಾನ ಕಾಯ್ದರು. ಅವರು ನನ್ನನ್ನು ಸುಳ್ಳುಗಾರನನ್ನಾಗಿ ಮಾಡಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಇನ್ನೊಂದು ಮಾತನ್ನೂ ಬರೆಯದಿದ್ದರೆ ಈ ಬರಹ ಅರ್ಧ ಸುಳ್ಳಾಗುತ್ತದೆ. ನಮ್ಮದು ಮುರಗೋಡದ ಕಡೆಯ ಮನೆತನ. ಅಜ್ಜ ಪಂಚಾಂಗ ನೋಡುತ್ತಿದ್ದರು, ಪುರಾಣ ಹೇಳುತ್ತಿದ್ದರು. ಊರವರು ಮುಹೂರ್ತ ಕೇಳಲು ನಮ್ಮ ಕಟ್ಟೆಗೆ ಬರುತ್ತಿದ್ದರು. ಅವರದು ಬೌದ್ಧ ಮನೆತನ. ನಮ್ಮ ಮನೆಯಲ್ಲಿ ಪುಸ್ತಕ ಮುಂದಿಟ್ಟುಕೊಂಡು ಕೂತು ಹೇಳುವವರು ನಾವು, ಬಂದು ಕೇಳುವವರು ಉಳಿದವರು ಎಂಬ ಒಂದು ಗತ್ತು ನನಗೆ ಯಾರೂ ಕಲಿಸದೆ ಬಂದಿತ್ತು. ಈಗ ಜನ ಚೀಲ ಹಿಡಿದು ಅವರ ಮೂಲೆಗೆ ಹೋಗುವುದನ್ನು ನೋಡಿದಾಗ ನನ್ನಲ್ಲಿ ಉರಿಯುತ್ತಿದ್ದದ್ದು ಬರೀ ಪದವಿಯಲ್ಲ. ಹದಿನೆಂಟು ವರ್ಷದಲ್ಲಿ ಅವರ ಮನೆಗೆ ಒಮ್ಮೆಯೂ ಹೋಗಿರಲಿಲ್ಲ. ಯಾರಾದರೂ ಕೇಳಿದ್ದರೆ ನೇಸರಗಿ ದೂರ ಎನ್ನುತ್ತಿದ್ದೆ. ನೇಸರಗಿ ದೂರವೇನಿಲ್ಲ.

ಮೂರು ವರ್ಷದ ಹಿಂದೆ ನನ್ನ ಮಗಳು ಪಲ್ಲವಿಗೆ ಗ್ರಾಫಿಕ್ಸ್ ಕಾರ್ಡು ಬೇಕಾಯಿತು. ಹುಬ್ಬಳ್ಳಿಯ ಒಂದು ಡಿಸೈನ್ ಕಾಲೇಜಿನಲ್ಲಿ ಅನಿಮೇಷನ್ ಕಲಿಯುವ ಆಸೆ ಅವಳದು. ಸೀಟು ಸಿಗಬೇಕಾದರೆ ತಾನೇ ಮಾಡಿದ ಮೂರು ನಿಮಿಷದ ಚಿತ್ರವೊಂದನ್ನು ಒಂದೂವರೆ ತಿಂಗಳೊಳಗೆ ಕಳಿಸಬೇಕು. ಮನೆಯ ಕಂಪ್ಯೂಟರು ಅದನ್ನು ಎಳೆಯುತ್ತಿರಲಿಲ್ಲ. ನಾನು ಮನಸ್ಸಿನಲ್ಲೇ ಖುಷಿಪಟ್ಟೆ. ಕಡೆಗೂ ಒಬ್ಬರಾದರೂ ನನ್ನನ್ನೇ ಕೇಳುತ್ತಾರೆ ಎಂದುಕೊಂಡೆ.

“ಕಾಕಾ ಶನಿವಾರ ರಾಮದುರ್ಗಕ್ಕ ಹೋಗ್ತಾರಂತ,” ಎಂದಳು ಅವಳು ಊಟದ ಹೊತ್ತಿಗೆ. ಚಿಕ್ಕಂದಿನಿಂದ ನನ್ನ ಜೊತೆ ಲ್ಯಾಬಿಗೆ ಬರುತ್ತಿದ್ದ ಅವಳಿಗೂ ಅವರು ಕಾಕಾ. “ಅಲ್ಲೆ ಒಂದು ಗೇಮ್ ಸೆಂಟರ್ ಮುಚ್ಚಲಿಕ್ಕೆ ಹತ್ಯಾರ. ಒಂದೇ ಹೆಸರಿನ್ವು ಎರಡು ಕಾರ್ಡ್ ಅವ ಅಂತ. ನೋಡಿ ಒಂದು ತಂದ್ಕೊಡ್ತಾರ.”

“ಯಾಕ, ಮನ್ಯಾಗ ನಾ ಇಲ್ಲೇನು?”

ಅವಳು ರೊಟ್ಟಿ ಮುರಿಯುತ್ತ ನನ್ನ ಮುಖ ನೋಡಿದಳು. ಕುಹಕವಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: “ನೀ ಕಲಸ್ತಿ ಅಪ್ಪಾ. ಅವ್ರಿಗೆ ಗೊತ್ತಾಗ್ತದ.”

ಊರೆಲ್ಲ ಅವರ ಮೂಲೆಗೆ ಹೋಗಲಿ. ನನ್ನ ಮಗಳು ಹೋಗಬಾರದು. ಮರುದಿನ ನಾನು ಮಾಡಿದ ಕೆಲಸವನ್ನು ಯಾರಿಗೂ ಹೇಳಿರಲಿಲ್ಲ. ಶನಿವಾರ ಮಧ್ಯಾಹ್ನ ಲ್ಯಾಬಿನ ದಾಸ್ತಾನು ಪೂರ್ತಿ ಎಣಿಸಬೇಕೆಂದು ಅವರಿಗೆ ಆದೇಶ ಬರೆದು ಕೈಗೆ ಕೊಟ್ಟೆ.

ಅವರು ಕಾಗದ ಓದಿ ಮಡಿಚಿದರು. “ರವಿವಾರ ಬಂದು ಮಾಡಿದ್ರ ನಡೀತೈತೇನ್ರಿ ಸರ? ಶನಿವಾರ ರಾಮದುರ್ಗಕ್ಕ ಹೋಗೂದಿತ್ತು. ನಮ್ಮ ಪಲ್ಲವೀದ ಕೆಲಸ ಇತ್ತು.”

“ಕಾಲೇಜಿನ ಕೆಲಸ ಮೊದಲು,” ಎಂದೆ. ‘ನಮ್ಮ ಪಲ್ಲವಿ’ ಎಂಬುದು ಬೇರೆ ಚುಚ್ಚಿತ್ತು.

“ಆತ್ರಿ,” ಎಂದರು ಅವರು.

ಶನಿವಾರ ಅವರು ವಾಯರು, ಕೀಬೋರ್ಡು ಎಣಿಸುತ್ತಿದ್ದಾಗ ನಾನು ಯರಗಟ್ಟಿ ದಾಟಿ ರಾಮದುರ್ಗದ ಬಸ್ಸಿನಲ್ಲಿದ್ದೆ. ಗೇಮ್ ಸೆಂಟರಿನವನು ಎರಡು ಕಾರ್ಡು ತಂದಿಟ್ಟ. ಒಂದು ಕರೀ ಡಬ್ಬಿಯಂಥದ್ದು, ಎರಡೇ ಫ್ಯಾನು, ಮೈತುಂಬ ಧೂಳು. ಇನ್ನೊಂದಕ್ಕೆ ಮೂರು ಫ್ಯಾನು, ಅಂಚಿಗೆ ಬಣ್ಣಬಣ್ಣದ ದೀಪ, ಹೊದಿಕೆಯ ಮೇಲೆ ಬಾಯಿ ತೆರೆದ ಹುಲಿಯ ಸ್ಟಿಕ್ಕರು. ಹುಲಿಯ ಒಂದು ಕಿವಿ ಕಿತ್ತುಹೋಗಿತ್ತು. ನಾನು ಹುಲಿಯನ್ನು ಎತ್ತಿಕೊಂಡೆ.

“ಇನ್ನೊಂದು ಕೈಯಾಗ ಹಿಡದು ನೋಡೂದಿಲ್ಲೇನ್ರಿ?” ಎಂದ ಅವನು. “ಬೈಲಹೊಂಗಲದವರು ಒಬ್ರು ಫೋನ್ಯಾಗ, ಎರಡೂ ಬಾಜೂಕ ಬಾಜೂಕ ಇಟ್ಟು ನೋಡೂತನಕ ಯಾರಿಗೂ ಕೊಡಬ್ಯಾಡ್ರಿ ಅಂದಿದ್ರು.”

“ನಾನೂ ಬೈಲಹೊಂಗಲದವನ,” ಎಂದೆ. ಮೂಸಲಿಲ್ಲ, ಫ್ಯಾನು ತಿರುವಲಿಲ್ಲ, ತೂಗಿಸಲಿಲ್ಲ. ಅದೆಲ್ಲ ಮಾಡಿದರೆ ಅವರಿಂದ ಕಲಿತ ಹಾಗಾಗುತ್ತಿತ್ತು.

ಸೋಮವಾರ ನಾನೇ ಅವರ ಮೂಲೆಗೆ ಹೋಗಿ ಫೋನಿನಲ್ಲಿ ಹುಲಿಯ ಫೋಟೊ ತೋರಿಸಿದೆ. ಅವರು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. “ತೂಕ ನೋಡಿದ್ರೇನ್ರಿ ಸರ?” ಎಂದರು. ನೋಡಿದೆ ಎಂದು ಸುಳ್ಳು ಹೇಳಿದೆ. “ಹಂಗಾದ್ರ ಛಲೋ ಆತು,” ಎಂದು ಫೋನು ಮರಳಿಸಿದರು. ಉಳಿದ ಕರೀ ಕಾರ್ಡನ್ನು ತಾವು ಭಾನುವಾರ ಹೋಗಿ ಮಗನಿಗಾಗಿ ತಂದಿರುವುದಾಗಿಯೂ ಹೇಳಿದರು. ಅವರ ಮಗ ನೇಸರಗಿಯಲ್ಲಿ ಮದುವೆ ವಿಡಿಯೊ ಜೋಡಿಸುವವನು. ನನಗೆ ಒಳಗೊಳಗೇ ಹಿಗ್ಗು. ನಾನು ಬಿಟ್ಟದ್ದು ಅವರಿಗೆ ಸಿಕ್ಕಿತು ಎಂದುಕೊಂಡೆ.

ಅದಾದ ಎರಡು ವಾರಕ್ಕೆ ನಾನು ಉತ್ತರಪತ್ರಿಕೆ ಮೌಲ್ಯಮಾಪನಕ್ಕೆಂದು ಬೆಳಗಾವಿಗೆ ಹೋಗಿ ಎಂಟು ದಿನ ಅಲ್ಲಿಯೇ ಇದ್ದೆ. ಮರಳಿ ಬಂದಾಗ ಮಗಳ ಚಿತ್ರ ಮುಕ್ಕಾಲು ಮುಗಿದಿತ್ತು. ಕಂಪ್ಯೂಟರ್ ಡಬ್ಬಿಯ ಸಂದಿನಲ್ಲಿ ಕಾಣುತ್ತಿದ್ದ ಬಣ್ಣದ ದೀಪ ಕಾಣಲಿಲ್ಲ. ಕೇಳಿದ್ದಕ್ಕೆ “ಕಣ್ಣಿಗೆ ಚುಚ್ಚತದ, ಬಂದ್ ಮಾಡೇನಿ,” ಎಂದಳು. ಪರದೆಯ ಮೇಲೆ ಕಾರ್ಡಿನ ಹೆಸರು ನೋಡಿದೆ. ಅದೇ ಹೆಸರು, ಅದೇ ನಂಬರು. ಸಮಾಧಾನವಾಯಿತು.

ಚಿತ್ರ ಹೋಯಿತು, ಸೀಟು ಸಿಕ್ಕಿತು. ಆಮೇಲೆ ಎರಡು ವರ್ಷ ನಾನು ಸ್ಟಾಫ್ ರೂಮಿನಲ್ಲಿ ಆಡಿದ್ದೇ ಆಡಿದ್ದು. “ಮೂಸೂದು, ತೂಗೂದು ಏನೂ ಬ್ಯಾಡ್ರಿ. ಒಂದು ನೋಟ ಸಾಕು. ನಾ ತಂದ ಕಾರ್ಡ್ ನೋಡ್ರಿ, ಇವತ್ತಿಗೂ ಕುದುರಿ ಹಂಗ ಓಡ್ತದ!” ಚಹಾದ ತಟ್ಟೆ ಹಿಡಿದು ಅವರು ಅಲ್ಲಿಯೇ ನಿಂತಿರುತ್ತಿದ್ದರು. ಅವರು ಇದ್ದಾಗಲೇ ನಾನು ಈ ಮಾತು ತೆಗೆಯುತ್ತಿದ್ದೆ. “ಹೌದ್ರಿ ಸರ, ಛಲೋದ ಬಿತ್ತು ನಿಮ್ಮ ಕೈಗೆ,” ಎಂದು ಅವರು ಪ್ರತಿ ಸಲವೂ ಹೇಳುತ್ತಿದ್ದರು.

ಅವರು ತೀರಿಕೊಂಡ ಸುದ್ದಿ ಕೇಳಿದ್ದ ಪಲ್ಲವಿ ಕಳೆದ ವಾರ ಹುಬ್ಬಳ್ಳಿಯಿಂದ ಬಂದಳು. “ಮನಿಗೆ ಹೋಗಿ ಬರೋಣ ಅಪ್ಪಾ,” ಎಂದಳು. ಹದಿನೆಂಟು ವರ್ಷದ ಮೇಲೆ ನಾನು ನೇಸರಗಿಯ ಬಸ್ಸು ಹತ್ತಿದೆ.

ಎರಡು ಕೋಣೆಯ ಮನೆ, ಬಾಗಿಲಿನ ಎದುರಿಗೇ ಬುದ್ಧನ ಚಿಕ್ಕ ಮೂರ್ತಿ. ಅವರ ಹೆಂಡತಿ ನನಗೆ ಕುರ್ಚಿ ಹಾಕಿದರು. ಮಗಳನ್ನು ನೋಡಿದ ಕೂಡಲೇ ಕೈ ಹಿಡಿದುಕೊಂಡು ಅತ್ತರು. “ಬಾಳ ದಿನಕ್ಕ ಬಂದೆಲ್ಲವಾ,” ಎಂದರು. ಬಹಳ ದಿನಕ್ಕೆ? ಹಾಗಾದರೆ ಇದಕ್ಕೆ ಮುಂಚೆ ಯಾವಾಗ ಬಂದಿದ್ದಳು? ಸಾವಿನ ಮನೆಯಲ್ಲಿ ಕೂತೂ ನಾನು ಅದನ್ನೇ ಲೆಕ್ಕ ಹಾಕಿದೆ. ಪಲ್ಲವಿ ಕೇಳದೆಯೇ ಒಳಗೆ ಹೋಗಿ ನೀರಿನ ತಂಬಿಗೆ ತಂದಳು. ಅದು ಎಲ್ಲಿರುತ್ತದೆಂದು ಅವಳಿಗೆ ಗೊತ್ತಿತ್ತು.

ಪಕ್ಕದ ಕೋಣೆಯಲ್ಲಿ ಅವರ ಮಗನ ಕಂಪ್ಯೂಟರ್ ಇತ್ತು. ಡಬ್ಬಿಗೆ ಮುಚ್ಚಳವಿಲ್ಲ. ಪಕ್ಕದ ಸ್ಟೂಲಿನ ಮೇಲೆ ಒಂದು ಟೇಬಲ್ ಫ್ಯಾನು ಇಟ್ಟು, ಗಾಳಿಯನ್ನು ಅದರೊಳಕ್ಕೆ ತಿರುಗಿಸಿದ್ದರು. ಏನೋ ಕುತೂಹಲಕ್ಕೆ ಎದ್ದು ಬಗ್ಗಿ ನೋಡಿದೆ. ಒಳಗಿನಿಂದ ಹುಲಿ ಬಾಯಿ ತೆರೆದು ನನ್ನನ್ನು ನೋಡುತ್ತಿತ್ತು. ಒಂದು ಕಿವಿ ಇರಲಿಲ್ಲ.

“ಬಾಳ ಕಾಯತೈತ್ರಿ ಅದು,” ಎಂದ ಮಗ ಹಿಂದಿನಿಂದ. “ಫ್ಯಾನ್ ಹಚ್ಚಲಿಲ್ಲಂದ್ರ ಪರದೆ ತುಂಬ ಗೆರಿ ಬರತಾವು. ಮೊದಲ ಒಂದು ಛಲೋ ಕಾರ್ಡ್ ತಂದಿದ್ದ ಅಪ್ಪ. ಹದಿನೈದು ದಿನಕ್ಕ ಅದನ್ನ ಯಾರಿಗೋ ಕೊಟ್ಟು ಈ ಹುಲಿ ತಂದಿಟ್ಟ. ಮೂರು ವರ್ಷ ಬೈದೀನ್ರಿ ಅವಗ. ‘ಇದ ಇರಲಿ ಬಿಡೊ’ ಅಂತಿದ್ದ.”

ನಾನು ಇನ್ನಷ್ಟು ಬಗ್ಗಿದೆ. ಅವರು ತಮ್ಮ ಕೈಯಾರೆ ಹಚ್ಚಿದ ಕಾರ್ಡು, ಮೂರು ವರ್ಷ ತಾವೇ ಬಿಚ್ಚಿ, ಒರೆಸಿ, ರಿಪೇರಿ ಮಾಡಿಕೊಂಡು ಬಂದ ಕಾರ್ಡು. ಅದರ ಒಂದೊಂದೇ ಸ್ಕ್ರೂ ನೋಡಿದೆ. ಎಲ್ಲಿಯೂ ಕೆಂಪು ಇರಲಿಲ್ಲ. ನನ್ನ ಮರ್ಯಾದೆಗಾಗಿ ಸ್ಟಾಫ್ ರೂಮಿನಲ್ಲಿ ನೂರು ಸಲ ‘ಛಲೋದ ಬಿತ್ತು’ ಎಂದ ಮನುಷ್ಯ, ಕಾರ್ಡಿನ ಮೇಲೆ ಮಾತ್ರ ಸುಳ್ಳು ಬರೆದಿರಲಿಲ್ಲ.

ಮನೆಗೆ ಬಂದವನೇ ಕೈಕಾಲು ತೊಳೆಯದೆ ನಮ್ಮ ಕಂಪ್ಯೂಟರಿನ ಡಬ್ಬಿ ಬಿಚ್ಚಿದೆ. ಕರೀ ಕಾರ್ಡು, ಎರಡು ಫ್ಯಾನು. ಮೂಲೆಯ ಸ್ಕ್ರೂವಿನ ಮೇಲೆ ಕಡುಗೆಂಪು ಚುಕ್ಕೆ, ಒಂದಿಷ್ಟೂ ಒಡೆಯದೆ ಇತ್ತು. ಕಣ್ಣಲ್ಲಿ ನೀರು ಬರಬೇಕಿತ್ತು. ನಿಜ ಹೇಳುತ್ತೇನೆ, ಬರಲಿಲ್ಲ. ಮೊದಲು ಬಂದದ್ದು ಅದೇ ಹಳೆಯ ಉರಿ. ನನ್ನ ಮನೆಯೊಳಗೆ, ನನ್ನ ಮಗಳ ಕಂಪ್ಯೂಟರಿನೊಳಗೆ, ಮೂರು ವರ್ಷ ಇವರೇ ಕೂತಿದ್ದರಲ್ಲ ಎಂದು.

ಪಲ್ಲವಿ ಬಾಗಿಲಲ್ಲಿ ನಿಂತಿದ್ದಳು. ಅವಳೇ ಹೇಳಿದಳು. ನಾನು ಬೆಳಗಾವಿಗೆ ಹೋದ ಮರುದಿನವೇ ಹುಲಿ ಕೆಟ್ಟಿತಂತೆ. ನನಗೆ ಹೇಳಿದರೆ ನನ್ನ ಮುಖ ಸಣ್ಣದಾಗುತ್ತದೆಂದು ಅವಳು ಅವರಿಗೆ ಫೋನ್ ಮಾಡಿದಳಂತೆ. ಅವರು ಸಂಜೆಯ ಬಸ್ಸಿಗೆ ಹುಲಿಯನ್ನು ನೇಸರಗಿಗೆ ಒಯ್ದು ಕರೀ ಕಾರ್ಡಿನ ಪಕ್ಕ ಇಟ್ಟು ನೋಡಿದರಂತೆ. ಮರುದಿನ ಇವಳು ತಾಯಿಯ ಜೊತೆ ಅವರ ಮನೆಗೆ ಹೋಗಿ ಕರೀ ಕಾರ್ಡು ತಂದಳಂತೆ. ಅಂದರೆ ಹೆಂಡತಿಗೂ ಗೊತ್ತಿತ್ತು.

“‘ಅಪ್ಪಗ ಗೊತ್ತಾದ್ರ ಬೈತಾರ ಕಾಕಾ’ ಅಂದೆ,” ಎಂದಳು ಪಲ್ಲವಿ. “ಅದಕ್ಕ ಅವ್ರು ಏನಂದ್ರು ಗೊತ್ತದೇನು? ‘ಹೇಳಬ್ಯಾಡವಾ. ನಿನ್ನ ಸಲುವಾಗಿ ರಾಮದುರ್ಗಕ್ಕ ಹೋಗಿ ಬಂದಾರ. ನನ್ನ ಮಗ ನಾ ಏನ್ ತಂದ್ರೂ ಹೆಸರಿಟ್ಟು ಬೈತಾನ. ನೀ ನೋಡಿದ್ರ ನಿಮ್ಮಪ್ಪ ತಂದದ್ದು ಕೆಟ್ಟೈತಿ ಅಂತ ಗೊತ್ತಿದ್ದೂ ಅವರ ಮಾರಿ ಸಣ್ಣದಾಗಬಾರದಂತ ಕದ್ದು ನನ್ನ ಕರದಿ. ನಿಮ್ಮಪ್ಪನ್ನ ಕಂಡ್ರ ಹೊಟ್ಟಿಕಿಚ್ಚು ಆಗತೈತಿ ನೋಡು ನನಗ’ ಅಂದ್ರು.”

“ನಗಚಾಟಗಿಗೆ ಅಂದಿರಬೇಕು,” ಎಂದೆ.

“ನಕ್ಕೋತನ ಅಂದ್ರು. ಆದ್ರ ಖರೇನ ಅಂದ್ರು.”

ಹೊಟ್ಟೆಕಿಚ್ಚಿನಲ್ಲೂ ಆ ಮನುಷ್ಯ ನನಗಿಂತ ಒಂದು ಕೈ ಮೇಲೆ. ತಮಗೆ ಅನ್ನಿಸಿದ್ದನ್ನು ಹತ್ತೊಂಬತ್ತು ವರ್ಷದ ಹುಡುಗಿಯ ಎದುರಿಗೆ ಹೇಳಿ, ನಕ್ಕು, ಹಗುರಾದರು. ನನಗೆ ಹೇಳಲು ಹದಿನೆಂಟು ವರ್ಷ ಸಾಲಲಿಲ್ಲ, ಅವರು ಸಾಯಬೇಕಾಯಿತು. ಅವರಿಗೂ ನನ್ನನ್ನು ಕಂಡರೆ ಹೊಟ್ಟೆಕಿಚ್ಚಿತ್ತೆಂಬ ಆ ಮಾತನ್ನು ಮಗಳಿಂದ ಈಗಾಗಲೇ ನಾಲ್ಕು ಸಲ ಹೇಳಿಸಿಕೊಂಡಿದ್ದೇನೆ. ನಿನ್ನೆ ಅವಳು ಹುಬ್ಬಳ್ಳಿ ಮುಟ್ಟಿದಳೋ ಇಲ್ಲವೋ, ಐದನೆಯ ಸಲ ಕೇಳಲು ಫೋನ್ ಮಾಡಿದೆ.